ಕೆಂಚಮ್ಮನ ದಿಣ್ಣೆಗೆ ವಿಮಾನದಲ್ಲಿ ಎಡೆ

ಹೊಸದುರ್ಗದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದಾಗ ಮಧ್ಯಾಹ್ನ ಮೂರೂವರೆ. ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಮೂವತ್ತು ಮೀಟರಿನ ಟೇಪು, ಇಪ್ಪತ್ತು ವರ್ಷದ ಹಿಂದೆ ನಾನೇ ಬರೆದಿದ್ದ ಒಂದು ನಕ್ಷೆಯ ಜೆರಾಕ್ಸು ಇದ್ದವು. ಮಾರನೆಯ ದಿನ ನಾನು, ನನ್ನ ಅಕ್ಕ ಬಾಡಿಗೆ ವಿಮಾನ ಮಾಡಿಕೊಂಡು ಒಂದು ನಡುಗಡ್ಡೆಗೆ ಊಟಕ್ಕೆ ಹೋಗುವವರಿದ್ದೆವು. ಪಕ್ಕದಲ್ಲಿ ಕುಳಿತಿದ್ದ ತೆಂಗಿನಕಾಯಿ ವ್ಯಾಪಾರಿ ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಅಕ್ಕನ ಮನೆಗೆ ಎಂದಷ್ಟೇ ಹೇಳಿದೆ. ಪೂರ್ತಿ ಹೇಳಿದ್ದರೆ ಅವರು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು.

ಈ ನಡುಗಡ್ಡೆ ಸಮುದ್ರದ್ದಲ್ಲ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ನಮ್ಮ ಹಳೆಯ ಊರಿನ ಎತ್ತರದ ಜಾಗವೊಂದಿದೆ. ಅಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಅವಳೇ ದಿಣ್ಣೆ ಕೆಂಚಮ್ಮ, ನಮ್ಮ ಮನೆದೇವರು. ನನ್ನ ಕಾಲದಲ್ಲಿ ನೀರು ಅಲ್ಲಿಯವರೆಗೆ ಬಂದದ್ದೇ ಇಲ್ಲ. ಜನ ಹಿನ್ನೀರಿನ ಜಾಗದಲ್ಲಿ ತೆಂಗು ಹಾಕಿದರು, ದಿಣ್ಣೆಯ ಮೇಲೆ ಡಾಂಬರು ರಸ್ತೆಯೂ ಆಯಿತು. ಈಚಿನ ವರ್ಷಗಳಲ್ಲಿ ಕೆರೆ ಕೋಡಿ ಬಿತ್ತು ನೋಡಿ, ತೋಟ ಮುಳುಗಿತು, ರಸ್ತೆಯ ಎರಡು ತುದಿಯೂ ಮುಳುಗಿದವು, ಕೆಂಚಮ್ಮ ನಡುನೀರಿನಲ್ಲಿ ಉಳಿದಳು. ತೆಪ್ಪದಲ್ಲಿ ಹೋಗೋಣವೆಂದರೆ ನೀರಿನ ಒಳಗೆ ಸತ್ತ ತೆಂಗಿನ ಬೊಡ್ಡೆಗಳು ಈಟಿ ಹಿರಿದು ನಿಂತಿವೆ. ಒಂದೆರಡು ತೆಪ್ಪ ಹರಿದ ಮೇಲೆ ಆ ಕಡೆ ಯಾರೂ ನೀರಿಗೆ ಇಳಿಯಬಾರದೆಂದು ಆಜ್ಞೆಯಾಯಿತು.

ಅಷ್ಟಾದರೂ ಅಲ್ಲಿಗೇ ಯಾಕೆ ಹೋಗಬೇಕು ಎಂದರೆ, ಅಕ್ಕನ ಎದೆಯ ಕವಾಟವೊಂದು ಕೆಟ್ಟಿತ್ತು. ದಾವಣಗೆರೆಯ ಡಾಕ್ಟರು ಅದನ್ನು ಬದಲಿಸಬೇಕು, ತಡ ಮಾಡಿದರೆ ದೀಪಾವಳಿ ನೋಡುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಬರುವ ಸೋಮವಾರಕ್ಕೆ ದಿನವನ್ನೂ ಕೊಟ್ಟಿದ್ದರು. ಅಕ್ಕ ಮಾತ್ರ ಒಂದೇ ಹಟ ಹಿಡಿದಿದ್ದಳು: ಕೆಂಚಮ್ಮನ ಹತ್ತಿರ ಹೂ ಕೇಳದೆ ಮೈಗೆ ಕತ್ತಿ ಮುಟ್ಟಿಸುವುದಿಲ್ಲ.

ಹೂ ಕೇಳುವುದೆಂದರೆ, ಕಲ್ಲನ್ನು ತೊಳೆದು, ಅದರ ಎರಡು ಹೆಗಲ ಮೇಲೆ ಒದ್ದೆ ಶಾವಂತಿಗೆ ಹೂವನ್ನು ಅಂಟಿಸಿ ಎದುರಿಗೆ ಕೂರುವುದು. ಅಮ್ಮನ ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಅಕ್ಕನ ಮದುವೆ, ನನ್ನ ನೌಕರಿ, ಬೋರ್‌ವೆಲ್ಲಿನ ಜಾಗ ಎಲ್ಲ ತೀರ್ಮಾನವಾದದ್ದು ಹೀಗೆಯೇ. ಬೋರ್‌ವೆಲ್ಲಿನಲ್ಲಿ ನೀರು ಬೀಳಲಿಲ್ಲ, ಅದನ್ನು ನಾನು ಎತ್ತಿ ಆಡಿದರೆ ಅಕ್ಕ ಎರಡು ದಿನ ಮಾತು ಬಿಡುತ್ತಾಳೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಭೂಮಿ ಅಳೆದವನು ನಾನು. ಟೇಪಿಗೆ ಸಿಗದೇ ಇರುವುದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ನನ್ನ ತಲೆ ಬಾಚಿ, ಮೂಗು ಒರೆಸಿ ಮನುಷ್ಯನನ್ನಾಗಿ ಮಾಡಿದವಳು ಅವಳು. ಅವಳು ಸಾಯುವುದನ್ನು ನೋಡುತ್ತ ನಿಲ್ಲುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ವಿಮಾನ.

ವಿಮಾನ ನಜೀರ್ ಸಾಹೇಬರದು. ಚಿತ್ರದುರ್ಗದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮನೆತನದವರು. ಇವರು ಸೇನೆಯಲ್ಲಿ ವಿಮಾನ ರಿಪೇರಿ ಕಲಿತು, ಹಾರಿಸುವುದನ್ನೂ ಕಲಿತು, ನಿವೃತ್ತಿಯಾದ ಮೇಲೆ ಎರಡು ಸೀಟಿನ ಒಂದು ಪುಟ್ಟ ವಿಮಾನ ಕೊಂಡು ಹಿರಿಯೂರಿನ ಹೊರಗೆ ಒಂದು ಬೀಳು ಜಮೀನಿನಲ್ಲಿ ಇಟ್ಟಿದ್ದಾರೆ. ಬಾಡಿಗೆ ಗಂಟೆಗೆ ಹನ್ನೊಂದು ಸಾವಿರ. ಎಲ್ಲ ಇಲಾಖೆಗಳ ಒಪ್ಪಿಗೆ ಪತ್ರ ತರಲು ಅವರಿಗೆ ಹದಿನೆಂಟು ದಿನ ಹಿಡಿದಿತ್ತು. ನಡುಗಡ್ಡೆಯ ಮೇಲೆ ಉಳಿದ ಡಾಂಬರು ರಸ್ತೆ ಎಷ್ಟುದ್ದ ಇದೆ ಎಂದು ಅವರು ಫೋನಿನಲ್ಲಿ ಕೇಳಿದಾಗ ನಾನು ನಕ್ಷೆ ತೆಗೆದು, ಊರವರು ಹೇಳಿದ ನೀರಿನ ಅಂಚನ್ನು ಅದರ ಮೇಲೆ ಗುರುತಿಸಿ, ಎದೆಯುಬ್ಬಿಸಿ ಹೇಳಿದ್ದೆ: ಮುನ್ನೂರ ಇಪ್ಪತ್ತು ಮೀಟರು, ಗೆರೆ ಎಳೆದ ಹಾಗೆ ನೇರ.

ಹೊಳಲ್ಕೆರೆಯಲ್ಲಿ ಅಕ್ಕನ ಮನೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದೆ. ನಾನು ಹೋದಾಗ ಅಕ್ಕನ ಸೊಸೆ ಕಡಲೆಬೇಳೆ ರುಬ್ಬುತ್ತಿದ್ದಳು. ಅಕ್ಕ ಮಣೆಯ ಮೇಲೆ ಕುಳಿತು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ, ಹೋಳಿಗೆ ಎಷ್ಟು, ತಂಬಿಟ್ಟು ಎಷ್ಟು ಎಂದು ಅಪ್ಪಣೆ ಕೊಡುತ್ತಿದ್ದಳು.

“ಮೂರೇ ಜನ ಅಕ್ಕಾ, ಇಪ್ಪತ್ತೈದು ಹೋಳಿಗೆ ಯಾರಿಗೆ?” ಎಂದೆ.

“ಅಮ್ಮನ ಮುಂದೆ ಎಣಿಸಿ ಇಡಾಕೆ ಆಗ್ತತೇನೋ?” ಎಂದಳು. “ಅಲ್ಲಿಂದ ಒಂದು ಅಗುಳೂ ವಾಪಸ್ ತರಂಗಿಲ್ಲ. ಅಲ್ಲೇ ಉಣ್ಣಬೇಕು. ನೀನು ಹೊಟ್ಟೆ ಖಾಲಿ ಇಟ್ಕಂಡು ಬಾ.”

“ವಿಮಾನದಲ್ಲಿ ತೂಕದ ಲೆಕ್ಕ ಇರುತ್ತೆ.”

“ಹಂಗಾದ್ರೆ ನಿನ್ನ ಹೊಟ್ಟೆ ಬಿಟ್ಟು ಬಾ” ಎಂದಳು. ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಬೆಳಿಗ್ಗೆ ಐದೂವರೆಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಬಸ್ಸಾದರೆ ಹೆಂಗಸರಿಗೆ ಪುಕ್ಕಟೆ ಇತ್ತಲ್ಲ ಎಂದು ಅಕ್ಕ ಗೊಣಗಿದಳು. ಚಿತ್ರದುರ್ಗಕ್ಕೆ ಮೂವತ್ತು ಕಿಲೋಮೀಟರು, ಅಲ್ಲಿಂದ ಹೆದ್ದಾರಿಯಲ್ಲಿ ಹಿರಿಯೂರಿಗೆ ನಲವತ್ತು. ಹೊಸದುರ್ಗದಿಂದ ದಿಣ್ಣೆಗೆ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿಯಾಗಿದ್ದ ಕಾಲವಿತ್ತು. ಈಗ ಜಿಲ್ಲೆಯನ್ನೇ ಅರ್ಧ ಸುತ್ತಿ ಆಕಾಶದಿಂದ ಇಳಿಯಬೇಕು. ಚಿತ್ರದುರ್ಗದಲ್ಲಿ ಕಾರು ನಿಲ್ಲಿಸಿ ನಾನು ಇಡ್ಲಿ ತಿಂದೆ. ಅಕ್ಕ ಕಾರಿನಲ್ಲಿಯೇ ಕುಳಿತಿದ್ದಳು. ಹಿಂದಿನ ಸಂಜೆಯಿಂದ ಅವಳು ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಹೂ ಬೀಳುವ ತನಕ ಅವಳು ಉಣ್ಣುವ ಹಾಗಿಲ್ಲ. ಎದೆಯ ಮಾತ್ರೆಯೋ, ಊಟವಾದ ಮೇಲೆಯೇ ನುಂಗಬೇಕಾದದ್ದು. ಅದನ್ನು ಮಧ್ಯಾಹ್ನ ಒಂದು ಗಂಟೆ ದಾಟಿಸಬಾರದೆಂದು ಡಾಕ್ಟರು ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮಾತ್ರೆಯ ಪೊಟ್ಟಣ ನನ್ನ ಅಂಗಿಯ ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಜೀರ್ ಸಾಹೇಬರು ಶೆಡ್ಡಿನ ಮುಂದೆ ನಿಂತಿದ್ದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಮಾತು ನಿಧಾನ. ಅವರ ವಿಮಾನದ ಸುತ್ತ ನಾನು ಎರಡು ಸಲ ನಡೆದು ನೋಡಿದೆ. ಕಡ್ಡಿಯಂಥ ಕಾಲು, ಬಟ್ಟೆಯ ರೆಕ್ಕೆ, ಮುಂದೆ ಒಂದು ಪಂಖ. ನಮ್ಮ ಊರಿನ ಆಟೋಗಳು ಇದಕ್ಕಿಂತ ಗಟ್ಟಿಯಾಗಿವೆ.

“ಅಮ್ಮಾ, ಕುಂತ್ಕಳ್ರಿ, ನೆಳ್ಳಾಗೆ ಕುಂತ್ಕಳ್ರಿ” ಎಂದು ಅಕ್ಕನಿಗೆ ಕುರ್ಚಿ ಹಾಕಿ, ನಮ್ಮಿಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅಕ್ಕ ಐವತ್ತೆರಡು ಕೆ.ಜಿ., ಎಡೆಯ ಬುಟ್ಟಿ ಒಂಬತ್ತು, ನಾನು ಎಂಬತ್ತೊಂದು. ಅವರು ನನ್ನ ಚೀಲ, ಬೂಟು, ಟೇಪು ಎಲ್ಲ ತೆಗೆಸಿದರು. ಟೇಪು ಬಿಟ್ಟು ನಾನು ಎಲ್ಲಿಗೂ ಹೋದವನಲ್ಲ. ಒಬ್ಬೊಬ್ಬರನ್ನೇ ಎರಡು ಸಲಕ್ಕೆ ಒಯ್ಯುತ್ತೇನೆ, ಮೊದಲು ಸಾರ್, ಆಮೇಲೆ ಅಮ್ಮ ಮತ್ತು ಬುಟ್ಟಿ ಎಂದರು. ಬುಟ್ಟಿಯನ್ನು ನೆಲಕ್ಕೆ ಇಡಬಾರದೆಂದು ಅಕ್ಕ ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತಳು.

ಒಂಬತ್ತು ಹದಿನೈದಕ್ಕೆ ನೆಲ ಬಿಟ್ಟೆವು. ಹನ್ನೆರಡು ನಿಮಿಷದ ಹಾರಾಟ. ಕೆಳಗೆ ಈರುಳ್ಳಿ ಹೊಲ, ದಾಳಿಂಬೆ ತೋಟ, ಬೆಟ್ಟದ ಸಂದಿನಲ್ಲಿ ಅಣೆಕಟ್ಟು, ಅದರ ಆಚೆ ಇದ್ದಕ್ಕಿದ್ದಂತೆ ನೀರೇ ನೀರು. ಎತ್ತರದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿದ್ದವು, ಒಂದೂ ತಿರುಗುತ್ತಿರಲಿಲ್ಲ. ನಜೀರ್ ಅವನ್ನು ತೋರಿಸಿ ಕಿವಿಯ ಫೋನಿನಲ್ಲಿ ಹೇಳಿದರು: “ಆ ಫ್ಯಾನು ಸುಮ್ನಿರೋ ತಂಕ ನಾವು ರಾಜರು ಸಾರ್. ಮಧ್ಯಾಹ್ನದ ಹೊತ್ತಿಗೆ ಪಡುವಲ ಗಾಳಿ ಏಳ್ತತೆ.”

ದಿಣ್ಣೆ ಕಂಡಿತು. ಬೇವಿನ ಮರ ಕಂಡಿತು. ರಸ್ತೆಯ ಮೇಲೆ ತಗ್ಗಿ ಹಾರುತ್ತ ಒಂದು ಸುತ್ತು ಹಾಕುತ್ತಿದ್ದಂತೆ ನಜೀರ್ ನನ್ನ ಕಡೆ ತಿರುಗಿದರು.

“ಸಾರ್, ಇದು ಏರು ಐತಲ್ರಿ!”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಿವಿ ಬಿಸಿಯಾಯಿತು. ರಸ್ತೆ ಮೂಡಲ ಕಡೆ ನೀರಿನಿಂದ ಎದ್ದು, ಮರದ ತನಕ ಒಂದೇ ಸಮ ಏರಿಕೊಂಡು ಬಂದಿತ್ತು. ಮರದ ಆಚೆ ಬಂಡೆ, ಅಲ್ಲಿಂದ ರಸ್ತೆ ಮಗ್ಗುಲಿಗೆ ತಿರುಗಿ ನೀರಿಗೆ ಇಳಿದಿತ್ತು. ನಮ್ಮ ನಕ್ಷೆಯಲ್ಲಿ ಉದ್ದ ಇರುತ್ತದೆ, ಅಗಲ ಇರುತ್ತದೆ, ಯಾರ ಹೊಲ ಎಲ್ಲಿ ಮುಗಿಯುತ್ತದೆ ಎಂಬುದು ಇರುತ್ತದೆ. ಏರು ತಗ್ಗು ಇರುವುದಿಲ್ಲ. ಮೂವತ್ತಮೂರು ವರ್ಷ ಗುಡ್ಡವನ್ನೂ ಗದ್ದೆಯನ್ನೂ ಒಂದೇ ಚಪ್ಪಟೆ ಕಾಗದದ ಮೇಲೆ ಇಳಿಸಿದವನಿಗೆ, ಚಿಕ್ಕಂದಿನಲ್ಲಿ ಏದುಸಿರು ಬಿಡುತ್ತ ಹತ್ತಿದ ದಿಣ್ಣೆಯೂ ಸಮನಾಗಿಯೇ ನೆನಪಿತ್ತು.

“ಇಳಿಯಾಕೆ ಒಳ್ಳೇದೇ” ಎಂದರು ನಜೀರ್. “ಏರಿನಾಗೆ ಬೇಗ ನಿಲ್ತತೆ. ಏಳಬೇಕಾದ್ರೆ ಮಾತ್ರ ಇಳಿಜಾರಿನಾಗೆ ನೀರಿನ ಕಡೆಗೇ ಓಡಬೇಕು. ಪಡುವಲ ಗಾಳಿ ಬೆನ್ನಿಗೆ ಬಂದ್ರೆ ಏಳಲ್ಲ ಸಾರ್ ಇದು.” ಚಕ್ರ ರಸ್ತೆಗೆ ಬಡಿಯಿತು, ಹಲ್ಲು ಹಲ್ಲಿಗೆ ಬಡಿಯಿತು, ಮರಕ್ಕೆ ಇನ್ನೂ ನೂರು ಮೀಟರು ಇರುವಾಗ ನಿಂತಿತು.

ನನ್ನನ್ನು ಇಳಿಸಿ ಅವರು ಹೊರಟುಹೋದರು. ವಿಮಾನದ ಸದ್ದು ಅಡಗಿದ ಮೇಲೆ ಕೇಳಿಸಿದ್ದು ನೀರು ದಡವನ್ನು ನೆಕ್ಕುವ ಸದ್ದೊಂದೇ. ಸುತ್ತಲೂ ನೀರಿನಿಂದ ತಲೆ ಎತ್ತಿದ ತೆಂಗಿನ ಬೋಳು ಕಾಂಡಗಳು, ಒಂದೊಂದರ ಮೇಲೆ ಒಂದೊಂದು ನೀರುಕಾಗೆ. ಸುಮ್ಮನಿರಲಾಗದೆ ರಸ್ತೆಯ ಮೇಲಿದ್ದ ಕಲ್ಲು, ಒಣಗಿದ ಕೊಂಬೆ ಎತ್ತಿ ಹಾಕಿದೆ. ಆಮೇಲೆ ಅಳತೆಗೆ ನಿಂತೆ. ನನ್ನ ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರು, ಅದರಲ್ಲಿ ತಪ್ಪಿಲ್ಲ. ನೀರಿನಿಂದ ಮರದ ತನಕ ಎಣಿಸಿದೆ. ಇನ್ನೂರ ತೊಂಬತ್ತು ಮೀಟರು. ಮತ್ತೊಮ್ಮೆ ಎಣಿಸಿದೆ. ಅಷ್ಟೇ. ನಾನು ಲೆಕ್ಕ ಹಾಕಿದ ಮೇಲೆ ನೀರು ಇನ್ನೂ ಮೂವತ್ತು ಮೀಟರು ರಸ್ತೆ ತಿಂದಿತ್ತು. ಬರಿಗಾಲಿನಲ್ಲಿ ಡಾಂಬರಿನ ಮೇಲೆ ನಿಂತು, ಅಕ್ಕನನ್ನು ಕರೆತರಬೇಡಿ ಎಂದು ಹೇಳಲು ಫೋನು ತೆಗೆದೆ. ಸಿಗ್ನಲ್ ಇರಲಿಲ್ಲ.

ಹತ್ತೂಕಾಲಿಗೆ ಅಕ್ಕ ಬಂದಿಳಿದಳು. ಬುಟ್ಟಿಯನ್ನು ತಬ್ಬಿಕೊಂಡೇ ಇದ್ದಳು. ಹೆದರಿಕೆಯಾಯಿತೇ ಎಂದು ಕೇಳಿದರೆ, “ಮ್ಯಾಲಿಂದ ನಮ್ಮ ಹಳೇ ಬಾವಿ ಕಾಣ್ತದೇನೋ ಅಂತ ನೋಡ್ತಿದ್ದೆ, ಕಾಣಲಿಲ್ಲ” ಎಂದಳು. ನಾನು ನಜೀರ್ ಅವರಿಗೆ ಹೊಸ ಅಳತೆ ಹೇಳಿದೆ. ಅವರು ನೀರಿನಂಚನ್ನು ನೋಡಿ, ದೂರದ ಗುಡ್ಡ ನೋಡಿ, ಸಾಕು ಎಂದರು. “ಗಾಳಿ ಏಳದಿದ್ರೆ ಸಾಕು. ಅಮ್ಮಾ, ಹನ್ನೊಂದೂವರೆಗೆ ಮುಗಿಸಿಬಿಡ್ರಿ.”

“ಅದು ನನ್ನ ಕೈಯಾಗೆ ಇಲ್ಲಪ್ಪ” ಎಂದಳು ಅಕ್ಕ.

ಮರದ ತನಕ ಅವಳನ್ನು ನಡೆಸಿಕೊಂಡು ಹೋಗುವಾಗ ಮೂರು ಸಲ ನಿಂತು ಉಸಿರು ತೆಗೆದುಕೊಂಡಳು. ತುಟಿ ನೀಲಿಗಟ್ಟಿತ್ತು. ಕಲ್ಲಿನ ಮುಂದೆ ಕುಳಿತ ಮೇಲೆ ಮಾತ್ರ ಅವಳ ಕೈ ಚುರುಕಾಯಿತು. ಕಲ್ಲಿನ ಮೇಲಿನ ಹಕ್ಕಿಯ ಹೇಲು ಕೆರೆದು ತೆಗೆದು, ನೀರು ಹಾಕಿ ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡು ಹಳದಿ ಶಾವಂತಿಗೆಯನ್ನು ನೀರಲ್ಲಿ ಅದ್ದಿ ಎರಡು ಹೆಗಲಿಗೆ ಅಂಟಿಸಿದಳು. ಬಾಳೆ ಎಲೆಯ ಮೇಲೆ ಹೋಳಿಗೆ, ತಂಬಿಟ್ಟು, ಕೋಸಂಬರಿ, ಮೊಸರನ್ನ ಎಡೆ ಹಾಕಿದಳು. “ನೀವಿಬ್ರೂ ಉಂಡುಬಿಡ್ರಿ. ನಂದು ಅವಳು ಹೇಳಿದ್ಮ್ಯಾಲೆ” ಎಂದು ಕಣ್ಣು ಮುಚ್ಚಿದಳು.

ಊಟ ಎಂದರೆ ಇಷ್ಟೇ. ವಿಮಾನದ ರೆಕ್ಕೆಯ ನೆರಳಲ್ಲಿ ಕುಳಿತು ಇಬ್ಬರೂ ಎಲೆಯ ತುಂಬ ಹಾಕಿಕೊಂಡೆವು. ಹೋಳಿಗೆಗೆ ಹಾಕಿದ ತುಪ್ಪ ಇನ್ನೂ ಘಮಘಮ ಎನ್ನುತ್ತಿತ್ತು. ಒಂದು ಹೋಳಿಗೆ ಮುರಿದು ಬಾಯಿಗೆ ಇಟ್ಟೆ, ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದೆ. ನಜೀರ್ ಐದು ತಿಂದರು. “ತೂಕದ ಲೆಕ್ಕ?” ಎಂದೆ. “ಬುಟ್ಟಿಯಾಗಿದ್ರೂ ಅಷ್ಟೇ, ಹೊಟ್ಟೆಯಾಗಿದ್ರೂ ಅಷ್ಟೇ ಸಾರ್” ಎಂದರು, ಆದರೆ ನಗಲಿಲ್ಲ. ಅವರ ಕಣ್ಣು ಪಡುವಲ ಗುಡ್ಡದ ಮೇಲಿತ್ತು. ಅಕ್ಕನ ಪಾಲು ಎತ್ತಿಟ್ಟು, ಮಿಕ್ಕ ಹೋಳಿಗೆಗಳನ್ನು ವಾಪಸ್ ಒಯ್ಯಬಾರದೆಂದು ನೀರಿನ ದಡದಲ್ಲಿ ಮೀನಿಗೂ ಕಾಗೆಗೂ ಹಾಕಿದೆವು.

ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಎರಡು ಹೂವೂ ಅಂಟಿಸಿದಲ್ಲಿಯೇ ಇದ್ದವು. ಹನ್ನೊಂದು ಇಪ್ಪತ್ತಕ್ಕೆ ಗುಡ್ಡದ ಸಾಲಿನ ಕೊನೆಯ ಗಾಳಿಯಂತ್ರದ ಒಂದು ರೆಕ್ಕೆ ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಅದರ ಪಕ್ಕದ್ದು ತಿರುಗಿತು. ನಜೀರ್ ಎದ್ದು ನಿಂತರು.

ಮೊದಲ ಗಾಳಿ ನಮ್ಮ ತನಕ ಬಂದಾಗ ಬೇವಿನ ಎಲೆಗಳು ಅಲುಗಿದವು. ಅಕ್ಕ ಕಣ್ಣು ತೆರೆಯದೆ ನನ್ನನ್ನು ಕೂಗಿದಳು. “ತಿಪ್ಪೇಶಿ, ಟವಲ್ ತಂದು ಆ ಕಡೆ ಅಡ್ಡ ಹಿಡಿಯೋ. ಗಾಳಿಗೆ ಬಿದ್ದಿದ್ದು ಅಮ್ಮ ಕೊಟ್ಟಂಗಲ್ಲ.”

ಹೆಗಲ ಮೇಲಿನ ಟವಲ್ಲನ್ನು ಎರಡು ಕೈಯಲ್ಲಿ ಹರಡಿ ಹಿಡಿದು ಕಲ್ಲಿನ ಪಕ್ಕ ನಿಂತೆ. ಗಾಳಿ ಟವಲ್ಲಿಗೆ ತುಂಬಿಕೊಂಡು ತಳ್ಳುತ್ತಿತ್ತು. ಅಕ್ಕನ ಮುಖ ನನ್ನ ಮೊಣಕಾಲಿನ ಹತ್ತಿರವಿತ್ತು, ಬೂದಿಯ ಬಣ್ಣಕ್ಕೆ ತಿರುಗಿತ್ತು, ಕುತ್ತಿಗೆಯ ನರ ಹಾರುತ್ತಿತ್ತು. ಜೇಬಿನಲ್ಲಿ ಮಾತ್ರೆ. ಕೆಳಗೆ ನಜೀರ್ ಗಡಿಯಾರ ನೋಡುತ್ತಿದ್ದರು. ಬಲಗಡೆಯ ಹೂ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಟವಲ್ಲಿನ ಆ ಮೂಲೆಯನ್ನು ನಾಲ್ಕು ಬೆರಳು ಇಳಿಸಿದರೆ ಸಾಕು. ಬೀಳುತ್ತದೆ, ಅಕ್ಕ ಉಣ್ಣುತ್ತಾಳೆ, ಸೋಮವಾರ ಆಪರೇಷನ್ನಿಗೆ ಮಲಗುತ್ತಾಳೆ, ಬದುಕುತ್ತಾಳೆ. ದೇವರಿಗೇನು ನಷ್ಟ? ಹೀಗೆ ಯೋಚಿಸಿದವನು ಇಳಿಸಿಯೇಬಿಟ್ಟೆ.

ಗಾಳಿ ಒಳಗೆ ನುಗ್ಗಿತು. ಆದರೆ ನಾನು ಅಂದುಕೊಂಡ ಕಡೆ ಬಡಿಯಲಿಲ್ಲ. ಮರದ ಬುಡಕ್ಕೆ ಹೊಡೆದು ಸುತ್ತಿ ಬಂದು ಎಡಗಡೆಯ ಹೂವನ್ನು ಎತ್ತಿ ಅಕ್ಕನ ಮಡಿಲಿಗೆ ಹಾಕಿತು.

ಅಕ್ಕ ಕಣ್ಣು ಬಿಟ್ಟಳು. ಹೂ ನೋಡಿದಳು, ಕಲ್ಲು ನೋಡಿದಳು. ಅಳಲಿಲ್ಲ, ಮುಖವೂ ಬಾಡಲಿಲ್ಲ. “ಆತು, ಬ್ಯಾಡ ಅಂದ್ಲು” ಎಂದಳು. “ಎಲೆ ಹಾಕು. ಎರಡು ತುತ್ತು ಉಣ್ತೀನಿ, ಹೋಗಾಣ. ಡಾಕ್ಟರಿಗೆ ಫೋನ್ ಮಾಡಿ ಹೇಳಿಬಿಡು, ಪಾಪ ಕಾಯ್ತಾರೆ.”

ಅವಳು ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಮಾಧಾನ ನನ್ನಿಂದ ತಡೆಯಲಾಗಲಿಲ್ಲ.

“ಅಕ್ಕಾ, ಅದು ಅವಳು ಕೊಟ್ಟಿದ್ದಲ್ಲ. ನಾನು ಟವಲ್ ಇಳಿಸಿದೆ. ಬಲಗಡೇದು ಬೀಳ್ಲಿ ಅಂತ ಇಳಿಸಿದೆ.”

ಅಕ್ಕ ನನ್ನನ್ನು ನೋಡಿದಳು. ಮಡಿಲಲ್ಲಿದ್ದ ಹೂವನ್ನು ಎತ್ತಿ ನನ್ನ ಎದೆಗೆ ಎಸೆದಳು.

“ಥೂ ನಿನ್ನ! ಅರವತ್ತೆರಡು ವರ್ಷ ಆದ್ವು, ಒಂದು ಟವಲ್ ಹಿಡಿಯಾಕೆ ಬರಲ್ವೇನೋ? ಊರೋರ ಹೊಲದಾಗೆ ಕಲ್ಲು ನೆಟ್ಟೋನು, ಹಿಂಗೇ ಕೈ ಜಾರಿಸಿ ನೆಟ್ಟಿದ್ಯೇನು?”

ಆ ಮಾತು ನನಗೆ ಚುಚ್ಚಿತು. ಒಂದು ಅಡಿ ಆಚೀಚೆ ಮಾಡಿದವನಲ್ಲ ನಾನು. ಆದರೆ ಅವತ್ತು ಆ ದಿಣ್ಣೆಯ ಮೇಲೆ ಹೇಳಿಕೊಳ್ಳುವ ಮುಖ ಇರಲಿಲ್ಲ.

ನಜೀರ್ ಓಡಿ ಬಂದರು. ಗುಡ್ಡದ ಮೇಲೆ ಈಗ ಅರ್ಧ ಸಾಲು ತಿರುಗುತ್ತಿತ್ತು. “ಅಮ್ಮಾ, ಒಬ್ರು ಈಗ್ಲೇ ಬರಬೇಕು. ಇನ್ನೊಬ್ರನ್ನ ವಾಪಸ್ ಬಂದು ಕರ್ಕಂಡು ಹೋಗ್ತೀನಿ. ತಡ ಆದ್ರೆ ಆ ಟ್ರಿಪ್ಪೂ ಇಲ್ಲ.”

“ಇವನ್ನ ಕರ್ಕಂಡು ಹೋಗ್ರಿ” ಎಂದಳು ಅಕ್ಕ. ಅವಳಾಗಲೇ ತಂಬಿಗೆ ತೆಗೆದುಕೊಂಡು ಕಲ್ಲನ್ನು ಮತ್ತೆ ತೊಳೆಯಲು ಶುರು ಮಾಡಿದ್ದಳು. “ಇವ್ನು ಇಲ್ಲಿದ್ರೆ ಅವಳು ಬಾಯಿ ಬಿಡಲ್ಲ. ಗಾಳಿಗೆ ನನ್ನ ಸೆರಗು ಅಡ್ಡ ಹಿಡ್ಕಂತೀನಿ.”

ನಾನು ಹೋಗುವುದಿಲ್ಲ ಎಂದೆ. ನೀನೇ ಮೊದಲು ಹೋಗು ಎಂದೆ. ಅವಳು ತಿರುಗಿಯೂ ನೋಡಲಿಲ್ಲ. ಎಂಬತ್ತೊಂದು ಕೆ.ಜಿ. ಹೊತ್ತು ಏಳಲು ಗಾಳಿ ಇನ್ನೂ ಬಲಿಯದ ಈ ಗಳಿಗೆಯೇ ಬೇಕು, ಅಮ್ಮ ಹಗುರ, ಅವರನ್ನು ಆಮೇಲೆ ಒಯ್ಯಬಹುದು ಎಂದು ನಜೀರ್ ತಗ್ಗಿದ ದನಿಯಲ್ಲಿ ಹೇಳಿದರು. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಮಾತ್ರೆಯ ಪೊಟ್ಟಣವನ್ನು ಅಕ್ಕನ ಪಕ್ಕದಲ್ಲಿ ಇಟ್ಟು, ಹಾರದಿರಲೆಂದು ಮೇಲೊಂದು ಕಲ್ಲು ಹೇರಿ, ಇಳಿಜಾರಿನಲ್ಲಿ ಓಡಿದೆ.

ನಜೀರ್ ವಿಮಾನವನ್ನು ಮರದ ಹತ್ತಿರಕ್ಕೆ ಒಯ್ದು ತಿರುಗಿಸಿದರು, ಅಲ್ಲಿಂದಲೇ ಓಟ ಶುರುವಾಯಿತು. ಗಾಳಿ ಬೆನ್ನಿಗೆ ಇತ್ತು. ಇನ್ನೂರು ಮೀಟರು ಓಡಿದರೂ ಚಕ್ರ ರಸ್ತೆ ಬಿಡಲಿಲ್ಲ. ಇನ್ನೂರ ಐವತ್ತು. ಆ ರಸ್ತೆಯ ಪ್ರತಿ ಹೆಜ್ಜೆಯೂ ನನಗೆ ಗೊತ್ತಿತ್ತು, ಅದೇ ಹಿಂಸೆ. ಡಾಂಬರು ಮುಗಿಯಿತು, ನೀರು ಮುಂದೆ ಬಂತು, ನಜೀರ್ “ಯಾ ಅಲ್ಲಾ” ಎಂದು ಕೋಲನ್ನು ಎಳೆದರು. ಕೆಳಗೆ ಚಕ್ರ ನೀರಿಗೆ ಚಟ್ ಎಂದು ಬಡಿದು ನನ್ನ ಕಾಲಿಗೆಲ್ಲ ನೀರು ಎರಚಿತು. ಒಂದು ತೆಂಗಿನ ಕಾಂಡದ ಪಕ್ಕದಲ್ಲಿ, ಅದರ ಮೇಲಿದ್ದ ನೀರುಕಾಗೆಯ ಕಣ್ಣು ಕಾಣುವಷ್ಟು ಹತ್ತಿರದಲ್ಲಿ ಹಾದು, ನಿಧಾನವಾಗಿ, ತೀರ ನಿಧಾನವಾಗಿ ಮೇಲಕ್ಕೆ ಹೋದೆವು. ನನಗೆ ಗೊತ್ತಿಲ್ಲದೆ ನಾನು ಕೆಂಚಮ್ಮನ ಹೆಸರು ಹೇಳುತ್ತಿದ್ದೆ.

ಎತ್ತರ ಸಿಗಲೆಂದು ನಜೀರ್ ದಿಣ್ಣೆಯ ಮೇಲೆ ಒಂದು ಸುತ್ತು ಹಾಕಿದರು. ನಾನು ಹಿಂತಿರುಗಿ ನೋಡಿದೆ. ಅಕ್ಕ ಎದ್ದು ನಿಂತಿದ್ದಳು. ಸೆರಗು ಅಡ್ಡ ಹಿಡಿದಿರಲಿಲ್ಲ, ಅದು ಹಿಂದಕ್ಕೆ ಹಾರಾಡುತ್ತಿತ್ತು. ಹಣೆಗೆ ಕೈ ಹಚ್ಚಿ ನಮ್ಮ ವಿಮಾನವನ್ನೇ ನೋಡುತ್ತಿದ್ದಳು. ನಾವು ನೀರಿಗೆ ಬಡಿದದ್ದನ್ನು ಅವಳು ಮೇಲಿನಿಂದ ನೋಡಿದ್ದಳು. ನಾವು ಅವಳ ತಲೆಯ ಮೇಲೆ ಬರುವ ಹೊತ್ತಿಗೆ ಬಗ್ಗಿದಳು. ಕಲ್ಲಿನ ಕಡೆಗೆ ಕೈ ಚಾಚಿದಳು. ಬಲ ಹೆಗಲಿನಿಂದ ಏನನ್ನೋ ತೆಗೆದು, ಎರಡೂ ಕೈ ತಲೆಯ ಹಿಂದೆ ಒಯ್ದು ತುರುಬಿಗೆ ಸಿಕ್ಕಿಸಿಕೊಂಡಳು. ಕಣ್ಣಳತೆಯಲ್ಲಿ ನನಗೆ ತಪ್ಪಾಗುವುದಿಲ್ಲ. ಅದು ಗಾಳಿಯೂ ಅಲ್ಲ, ಕೆಂಚಮ್ಮನೂ ಅಲ್ಲ. ಅಕ್ಕನ ಕೈ.

ನನ್ನನ್ನು ಹಿರಿಯೂರಿನ ಬಯಲಿನಲ್ಲಿ ಇಳಿಸಿ ನಜೀರ್ ಇಂಜಿನ್ ಆರಿಸದೆ ವಾಪಸ್ ಹೋದರು. ಕಾಯುವಾಗ ಏನು ಮಾಡಿದೆ ಎಂದು ಕೇಳಿದರೆ, ಟೇಪು ಬಿಚ್ಚಿ ಶೆಡ್ಡನ್ನು ಅಳೆದೆ. ಹನ್ನೆರಡು ಮೀಟರು ನಲವತ್ತು ಉದ್ದ, ಒಂಬತ್ತು ಮೀಟರು ಅಗಲ. ಎರಡು ಸಲ ಅಳೆದೆ. ಹನ್ನೆರಡು ಮೂವತ್ತೈದಾಯಿತು, ಸದ್ದಿಲ್ಲ. ಶೆಡ್ಡಿನ ತಗಡು ಗಾಳಿಗೆ ಪಟಪಟ ಬಡಿಯುತ್ತಿತ್ತು. ಹನ್ನೆರಡೂ ಮುಕ್ಕಾಲು. ಕಾರಿನ ಡ್ರೈವರು ನೀರಿನ ಬಾಟಲಿ ತಂದುಕೊಟ್ಟ. ಅದನ್ನು ತಲೆಯ ಮೇಲೆ ಸುರಿದುಕೊಂಡೆ. ಹನ್ನೆರಡು ಐವತ್ತೊಂದಕ್ಕೆ ಪಡುವಲ ಕಡೆ ಒಂದು ಚುಕ್ಕೆ ಕಂಡಿತು. ಅದು ಗಾಳಿಗೆ ಆಚೀಚೆ ತೂರಾಡುತ್ತ ಬಂದು, ಒಂದು ಸಲ ಪುಟಿದು ನೆಲಕ್ಕೆ ಕುಳಿತಾಗ ನಾನು ಕೂಡ ಅಲ್ಲಿಯೇ ಕುಳಿತುಬಿಟ್ಟೆ.

ಅಕ್ಕ ಖಾಲಿ ಬುಟ್ಟಿ ಹಿಡಿದು ಇಳಿದಳು. ತುರುಬಿನಲ್ಲಿ ಹಳದಿ ಶಾವಂತಿಗೆ.

“ಉಂಡ್ಯಾ?” ಎಂದೆ.

“ಉಂಡೆ. ಮಾತ್ರೆನೂ ತಗಂಡೆ.”

“ಹೂ?”

“ಬಲಕ್ಕೆ ಕೊಟ್ಲು” ಎಂದಳು ಅಕ್ಕ, ನನ್ನ ಮುಖ ನೋಡದೆ. “ನೀನು ಆ ಕಡ್ಡಿಪೆಟ್ಟಿಗೆ ಹತ್ತಿ ಹೋಗಿದ್ದೇ ತಡ, ಕೊಟ್ಟುಬಿಟ್ಲು.”

ನಜೀರ್ ಚಕ್ರಕ್ಕೆ ಸಿಕ್ಕ ಜೊಂಡನ್ನು ಬಿಡಿಸುತ್ತ ಬಗ್ಗಿಕೊಂಡಿದ್ದರು, ತಲೆ ಎತ್ತಲಿಲ್ಲ. ಅಕ್ಕ ತುರುಬಿನ ಹೂವಿನಿಂದ ಎರಡು ಎಸಳು ಕಿತ್ತು ಪ್ರಸಾದವೆಂದು ನನ್ನ ಕಡೆ ಚಾಚಿದಳು. ಜೀವಮಾನವಿಡೀ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ಸಹಿ ಹಾಕಿದವನು ನಾನು. ಎಸಳುಗಳನ್ನು ಕಣ್ಣಿಗೆ ಒತ್ತಿಕೊಂಡು ಕಿವಿಯ ಸಂದಿಗೆ ಇಟ್ಟುಕೊಂಡೆ.

ವಾಪಸ್ ಬರುವಾಗ ಅಕ್ಕ ಚಿತ್ರದುರ್ಗದಲ್ಲಿ ಕಾರು ನಿಲ್ಲಿಸಿ, ಮಂಡಕ್ಕಿ ಮೆಣಸಿನಕಾಯಿ ಬೇಕೆಂದಳು. ಡಾಕ್ಟರು ಕರಿದದ್ದು ಕೊಡಬಾರದು ಎಂದಿದ್ದರು, ಮಂಡಕ್ಕಿ ಮಾತ್ರ ಕೊಡಿಸಿದೆ. ಹೊಳಲ್ಕೆರೆ ಬರುವ ತನಕ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಸೋಮವಾರ ದಾವಣಗೆರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲಿಗೆ ಅವಳ ಗಾಲಿ ಮಂಚ ಬಂದಾಗ, ತಲೆಯಲ್ಲಿ ಏನೂ ಇರಬಾರದು ಎಂದು ನರ್ಸಮ್ಮ ಹೇಳಿದರು. ನಾಲ್ಕು ದಿನದ ಬಾಡಿದ ಶಾವಂತಿಗೆಯನ್ನು ಅಕ್ಕ ಇನ್ನೂ ತುರುಬಿನಲ್ಲಿ ಬಚ್ಚಿಟ್ಟಿದ್ದಳು. ಅದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟು, ನನ್ನ ಬೆರಳುಗಳನ್ನು ತಾನೇ ಮಡಿಚಿದಳು.

“ಹಿಡ್ಕ. ಟವಲ್ ಬಿಟ್ಟಂಗೆ ಇದನ್ನ ಬಿಡಬ್ಯಾಡ.”

ನಾಲ್ಕೂವರೆ ಗಂಟೆ ಆ ಬಾಗಿಲ ಮುಂದೆ ನಿಂತಿದ್ದೆ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ, ಅಕ್ಕನ ಸೊಸೆ ಟೀ ತಂದರೆ ಎಡಗೈಯಲ್ಲಿ ಕುಡಿದೆ. ಡಾಕ್ಟರು ಹೊರಗೆ ಬಂದು ಮುಖದ ಬಟ್ಟೆ ಕೆಳಗಿಳಿಸಿ, “ಉಸಿರಾಡ್ತಿದ್ದಾರೆ, ಚೆನ್ನಾಗಿದ್ದಾರೆ” ಎಂದ ಮೇಲೆ ಮುಷ್ಟಿ ಬಿಚ್ಚಲು ನೋಡಿದೆ. ಬೆರಳು ಮರಗಟ್ಟಿದ್ದವು. ಸೊಸೆ ಒಂದೊಂದಾಗಿ ಬಿಡಿಸಬೇಕಾಯಿತು.